ಎಂಟನೆಯ ತಿಂಗಳಲ್ಲಿ ವಾರ್ಡ್ ಡ್ಯೂಟಿ

ಬಸುರಿ ಹೆಣ್ಣು ಮೈ ಬಗ್ಗಿಸಿ ಕೆಲಸ ಮಾಡುತ್ತಿದ್ದರೆ ಹೆರಿಗೆ ಸಲೀಸಾಗುತ್ತದೆ ಎನ್ನುವ ಅಜ್ಜಿಯರಿದ್ದಾರೆ. ಸೀಮಂತವಾದ ಮೇಲೆ ಕಡ್ಡಿಯನ್ನೂ ಎತ್ತಿಡಬೇಡ ಎನ್ನುವ ಅಜ್ಜಿಯರೂ ಅದೇ ಬೀದಿಯಲ್ಲಿದ್ದಾರೆ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ನಮ್ಮ ಪದ್ಧತಿ, ರಜೆಯ ಕಾಯಿದೆ ಹುಟ್ಟುವುದಕ್ಕೆ ಬಹಳ ಮುಂಚೆಯೇ ಸಮಾಜ ಕಂಡುಕೊಂಡಿದ್ದ ಒಂದು ವಿಶ್ರಾಂತಿ. ಆದರೆ ಆಸ್ಪತ್ರೆಯಲ್ಲಿ ದುಡಿಯುವ ದಾದಿಗೆ ಈ ಎರಡು ಸಲಹೆಗಳಲ್ಲಿ ಯಾವುದೂ ಪೂರ್ತಿ ಒದಗುವುದಿಲ್ಲ. ಅವಳು ಕಡ್ಡಿ ಎತ್ತದೆ ಇರಲಾರಳು. ಅವಳು ಎತ್ತುವುದು ಮನೆಯ ಕೊಡವನ್ನೂ ಅಲ್ಲ, ಮೈಮೇಲೆ ಎಚ್ಚರವಿಲ್ಲದ ರೋಗಿಯನ್ನು.

ಇಂದು ಅನೇಕ ತಂದೆತಾಯಿಗಳು ಮಗಳನ್ನು ಬಿ.ಎಸ್ಸಿ. ನರ್ಸಿಂಗ್‌ಗೋ ಜಿ.ಎನ್.ಎಂ. ಕೋರ್ಸಿಗೋ ಸೇರಿಸುತ್ತಿದ್ದಾರೆ. ಸೀಟು, ಫೀಸು, ಹಾಸ್ಟೆಲ್ ಬಗ್ಗೆ ನೂರು ಪ್ರಶ್ನೆ ಕೇಳುವವರು ಈ ಪ್ರಶ್ನೆಯನ್ನು ಕೇಳುವುದು ಅಪರೂಪ. ಪ್ರೌಢಶಾಲೆಯ ಪಾಠಗಳಲ್ಲಿ ಬರುವ ಸನ್ನೆ, ರಕ್ತಪರಿಚಲನೆ, ವಿಕಿರಣ ಎಲ್ಲವೂ ಇದಕ್ಕೆ ಉತ್ತರ ಹುಡುಕಲು ಬೇಕಾಗುತ್ತವೆ.

ದುಡಿಮೆಗೂ ಹುಟ್ಟುವ ಮಗುವಿನ ತೂಕಕ್ಕೂ ಸಂಬಂಧವಿದೆಯೇ ಎಂದು ಲೆಕ್ಕ ಹಾಕಿದವರಲ್ಲಿ ಮೊದಲಿಗರು ಪ್ಯಾರಿಸ್ಸಿನ ಪ್ರಸೂತಿ ತಜ್ಞ ಅಡಾಲ್ಫ್ ಪಿನಾರ್. ನೋವು ಬರುವವರೆಗೂ ದುಡಿದ ಬಡ ಹೆಂಗಸರ ಶಿಶುಗಳನ್ನೂ, ಹೆರಿಗೆಗೆ ಮುಂಚೆ ಆಶ್ರಯಧಾಮದಲ್ಲಿ ವಿಶ್ರಾಂತಿ ಪಡೆದವರ ಶಿಶುಗಳನ್ನೂ ಅವರು ತೂಗಿ ನೋಡಿದರು. 1895ರಲ್ಲಿ ಪ್ರಕಟಿಸಿದ ಅವರ ಲೆಕ್ಕದಂತೆ, ವಿಶ್ರಾಂತಿ ಪಡೆದವರ ಮಕ್ಕಳು ಸರಾಸರಿ ಕಾಲು ಕಿಲೋಗೂ ಹೆಚ್ಚು ತೂಕವಿದ್ದರು. ಆಶ್ರಯಧಾಮದಲ್ಲಿ ವಿಶ್ರಾಂತಿಯ ಜೊತೆ ಹೊತ್ತುಹೊತ್ತಿಗೆ ಊಟವೂ ಸಿಗುತ್ತಿತ್ತಲ್ಲ, ತೂಕ ಹೆಚ್ಚಿದ್ದು ಯಾವುದರಿಂದ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೂ ಹೆರಿಗೆ ರಜೆ ಬೇಕೆಂಬ ವಾದಕ್ಕೆ ಅಂಕಿ-ಅಂಶದ ಬಲ ಕೊಟ್ಟವರಲ್ಲಿ ಪಿನಾರ್ ಒಬ್ಬರು. ಗರ್ಭಿಣಿಯ ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತ ಕೇಳುವ ಕಹಳೆಯಾಕಾರದ ಕೊಳವೆಯೂ ಅವರ ಹೆಸರಿನದೇ. ಡಾಪ್ಲರ್ ಯಂತ್ರ ಬಂದ ಮೇಲೂ ಆ ಕೊಳವೆ ದಾದಿಯರ ಕೈ ಬಿಟ್ಟಿಲ್ಲ.

ಪಿನಾರ್ ನಂತರ ಬಂದ ಅಧ್ಯಯನಗಳು ಹೇಳುವುದು ಅಷ್ಟು ಸರಳವಾಗಿಲ್ಲ. ಬಹಳ ಹೊತ್ತು ನಿಲ್ಲುವುದು, ಭಾರ ಎತ್ತುವುದು, ವಾರಕ್ಕೆ 40 ಗಂಟೆ ಮೀರಿದ ದುಡಿಮೆ, ರಾತ್ರಿ ಪಾಳಿ - ಇವುಗಳಿಂದ 37 ವಾರಕ್ಕೆ ಮೊದಲೇ ಹೆರಿಗೆಯಾಗುವ ಅಥವಾ ಮಗುವಿನ ತೂಕ ಕಡಿಮೆಯಾಗುವ ಸಂಭವ ಸ್ವಲ್ಪ ಹೆಚ್ಚುವುದನ್ನು ಹಲವು ಅಧ್ಯಯನಗಳು ಕಂಡಿವೆ. ಎಲ್ಲ ಅಧ್ಯಯನಗಳೂ ಕಂಡಿಲ್ಲ. ತೊಂದರೆಯಾದವರು ಬೇಗನೆ ರಜೆ ಹಾಕಿ ಹೋಗುತ್ತಾರೆ, ಗಟ್ಟಿಮುಟ್ಟಾದವರು ಮಾತ್ರ ಕೆಲಸದಲ್ಲಿ ಉಳಿಯುತ್ತಾರೆ. ಉಳಿದವರನ್ನಷ್ಟೇ ಎಣಿಸಿದರೆ ಕೆಲಸದಿಂದ ಏನೂ ಆಗುವುದಿಲ್ಲವೆಂದೇ ಕಾಣುತ್ತದೆ! ಇದರಿಂದ ಹೆದರಬೇಕಾದ್ದಿಲ್ಲ. ಗರ್ಭಿಣಿ ರೋಗಿಯಲ್ಲ, ಆರೋಗ್ಯವಂತೆಯಾದವಳು ಕೊನೆಯ ತಿಂಗಳುಗಳಲ್ಲೂ ಕೆಲಸ ಮಾಡಬಲ್ಲಳು. ನೋಡಬೇಕಾದದ್ದು ಯಾವ ಕೆಲಸ, ಎಷ್ಟು ಹೊತ್ತು, ಯಾವ ಭಂಗಿಯಲ್ಲಿ ಎಂಬುದನ್ನು.

ಮೊದಲು ನಿಲ್ಲುವ ವಿಚಾರ. ಎಂಟನೆಯ ತಿಂಗಳ ಹೊತ್ತಿಗೆ ತಾಯಿಯ ದೇಹದಲ್ಲಿ ರಕ್ತ ಶೇಕಡಾ 40ರಿಂದ 50ರಷ್ಟು ಹೆಚ್ಚಿರುತ್ತದೆ. ಗರ್ಭಕೋಶವೊಂದಕ್ಕೇ ನಿಮಿಷಕ್ಕೆ ಅರ್ಧ ಲೀಟರ್ ಅಥವಾ ಇನ್ನೂ ಹೆಚ್ಚು ರಕ್ತ ಹರಿಯಬೇಕು. ಕಾಲಿಗಿಳಿದ ರಕ್ತ ಗುರುತ್ವಕ್ಕೆ ಎದುರಾಗಿ ಮೇಲೇರಬೇಕಾದರೆ ಮೀನಖಂಡದ ಸ್ನಾಯುಗಳು ಸಂಕುಚಿಸಿ ಅಭಿಧಮನಿಗಳನ್ನು ಹಿಂಡಬೇಕು. ನಡೆಯುವಾಗ ಈ ಪಂಪು ಕೆಲಸ ಮಾಡುತ್ತದೆ, ಅಲುಗಾಡದೆ ನಿಂತಾಗ ಸುಮ್ಮನಾಗುತ್ತದೆ. ತುಂಬಿದ ಗರ್ಭಕೋಶ ಸೊಂಟದೊಳಗಿನ ಅಭಿಧಮನಿಗಳನ್ನು ಬೇರೆ ಒತ್ತುತ್ತಿರುತ್ತದೆ. ಹೀಗಾಗಿ ರಕ್ತ ಕಾಲಿನಲ್ಲಿ ನಿಂತು ಪಾದ ಊದುತ್ತದೆ, ತಲೆ ಸುತ್ತುತ್ತದೆ. ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ಓಡಾಡುವ ದಾದಿಗಿಂತ, ಶಸ್ತ್ರಚಿಕಿತ್ಸೆಯ ಮೇಜಿನ ಪಕ್ಕದಲ್ಲಿ ಗಂಟೆಗಟ್ಟಲೆ ನಿಂತಲ್ಲೇ ನಿಲ್ಲುವ ದಾದಿಗೆ ಕಷ್ಟ ಹೆಚ್ಚು. ನೋಡುವವರಿಗೆ ಓಡಾಡುವವಳೇ ಹೆಚ್ಚು ದಣಿದಂತೆ ಕಾಣುತ್ತಾಳೆ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇಕಡಾ 52 ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣದ ಮಾತ್ರೆ ಹಂಚುವ ಕೈಗಳಿಗೂ ರಕ್ತಹೀನತೆ ಬರದೇ ಇರುವುದಿಲ್ಲ.

ಇನ್ನು ಭಾರದ ಲೆಕ್ಕ. ಸನ್ನೆಯ ಪಾಠವನ್ನು ನೆನಪಿಸಿಕೊಳ್ಳಿ. ಬೆನ್ನುಮೂಳೆಯ ಕೆಳಭಾಗ ಆನಿಕೆ, ಮುಂದೆ ಹಿಡಿದದ್ದು ಭಾರ, ಹಿಂದಿನ ಬೆನ್ನಿನ ಸ್ನಾಯುಗಳದ್ದು ಪ್ರಯತ್ನ. ಹಳ್ಳಿಯ ಏತದ ಹಾಗೆ ಇದೂ ಮೊದಲನೆಯ ವರ್ಗದ ಸನ್ನೆ. ಬೆನ್ನಿನ ಸ್ನಾಯುಗಳಿಗೂ ಆನಿಕೆಗೂ ಇರುವ ಅಂತರ ಸುಮಾರು 5 ಸೆಂಟಿಮೀಟರ್ ಮಾತ್ರ. ಅರವತ್ತು ಕಿಲೋ ತೂಕದ ರೋಗಿಯ ಒಂದು ಕಾಲೇ ಸುಮಾರು 10 ಕಿಲೋ ಇರುತ್ತದೆ. ಅದನ್ನು ಬೆನ್ನುಮೂಳೆಯಿಂದ 30 ಸೆಂಟಿಮೀಟರ್ ದೂರದಲ್ಲಿ ಎತ್ತಿಹಿಡಿದರೆ ಸ್ನಾಯುಗಳು 60 ಕಿಲೋ ಭಾರಕ್ಕೆ ಸಮನಾದ ಬಲ ಹಾಕಬೇಕು. ಎಂಟು ತಿಂಗಳ ಹೊಟ್ಟೆ ಅಡ್ಡವಿರುವಾಗ ಭಾರವನ್ನು ಮೈಗೆ ಹತ್ತಿರ ತರುವುದು ಸಾಧ್ಯವಿಲ್ಲ. ದೂರ 45 ಸೆಂಟಿಮೀಟರ್ ಆಯಿತೆನ್ನಿ. ಆಗ ಬೇಕಾಗುವ ಬಲ 90 ಕಿಲೋಗೆ ಸಮ. ಎತ್ತಿದ್ದು ಅದೇ ಕಾಲು, ಎತ್ತಿದವಳೂ ಅದೇ ದಾದಿ, ಆದರೆ ಬೆನ್ನಿನ ಪಾಲಿಗೆ ಭಾರ ಒಂದೂವರೆ ಪಟ್ಟು! ಹಾರ್ಮೋನುಗಳ ಪ್ರಭಾವದಿಂದ ಸೊಂಟದ ಕೀಲುಗಳ ಅಸ್ಥಿರಜ್ಜುಗಳು ಸಡಿಲವಾಗಿರುವ ಕಾಲವೂ ಅದೇ.

ಪ್ರಕೃತಿ ಇದಕ್ಕೆ ಸ್ವಲ್ಪ ಸಿದ್ಧತೆ ಮಾಡಿದೆ. ಹೆಂಗಸರ ಸೊಂಟದ ಬಾಗು ಮೂರು ಕಶೇರುಮಣಿಗಳ ಮೇಲೆ ಹರಡಿಕೊಂಡಿದೆ, ಗಂಡಸರಲ್ಲಿ ಎರಡರ ಮೇಲೆ ಮಾತ್ರ. ಗರ್ಭದ ಭಾರ ಮುಂದಕ್ಕೆ ಎಳೆದಾಗ ಹಿಂದಕ್ಕೆ ವಾಲಿ ಸಮತೋಲ ಕಾಯಲು ಇದು ಅನುಕೂಲವೆಂದು 2007ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಲಕ್ಷಾಂತರ ವರ್ಷಗಳ ಈ ಏರ್ಪಾಡು ಒಂದು ಮಗುವನ್ನು ಹೊರುವುದಕ್ಕೆ. ಅದರ ಮೇಲೆ ಅರವತ್ತು ಕಿಲೋ ರೋಗಿಯನ್ನೂ ಹೊರುವುದಕ್ಕಲ್ಲ.

ಅಮೆರಿಕದ ವೃತ್ತಿ ಸುರಕ್ಷತಾ ಸಂಶೋಧನಾ ಸಂಸ್ಥೆಯ ತಜ್ಞರು 2013ರಲ್ಲಿ ಗರ್ಭಿಣಿಯರಿಗಾಗಿ ಭಾರದ ಮಿತಿಗಳನ್ನು ಸೂಚಿಸಿದರು. ಇಪ್ಪತ್ತು ವಾರ ದಾಟಿದ ಮೇಲೆ, ಆಗೊಮ್ಮೆ ಈಗೊಮ್ಮೆ ಎತ್ತುವುದಾದರೂ, ಮೈಗೆ ಹತ್ತಿರ ಸೊಂಟದ ಎತ್ತರದಲ್ಲಿ ಹಿಡಿದು ಸುಮಾರು 12 ಕಿಲೋ. ನೆಲದಿಂದ ಎತ್ತಲೇಬಾರದು. ರೋಗಿಯ ಒಂದು ಕಾಲಿಗೇ ಈ ಮಿತಿ ಹತ್ತಿರ ಬಂದುಬಿಡುತ್ತದೆ ಎಂಬುದನ್ನು ಗಮನಿಸಿ. ಮಂಚ ಎತ್ತರಿಸುವುದು, ರೋಗಿಯ ಕೆಳಗೆ ಡ್ರಾ ಶೀಟ್ ಹಾಸಿ ಇಬ್ಬರು ಮೂವರು ಸೇರಿ ಜಾರಿಸುವುದು ನರ್ಸಿಂಗ್ ಶಾಲೆಯ ಮೊದಲ ವರ್ಷದಲ್ಲೇ ಕಲಿಸುವ ಪಾಠ. ಇಬ್ಬರು ಇರಬೇಕಾದ ಪಾಳಿಯಲ್ಲಿ ಒಬ್ಬಳೇ ಇದ್ದರೆ ಆ ಪಾಠ ಪುಸ್ತಕದಲ್ಲೇ ಉಳಿಯುತ್ತದೆ.

ನೀರಿನ ವಿಷಯ ಚಿಕ್ಕದೆನಿಸಬಹುದು. ಬಿಡುವಿಲ್ಲದ ಪಾಳಿಯಲ್ಲಿ ಶೌಚಾಲಯಕ್ಕೆ ಹೋಗಲಾಗುವುದಿಲ್ಲವೆಂದು ದಾದಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಗರ್ಭಿಣಿಯರಲ್ಲಿ ಮೂತ್ರದ ಹರಿವು ಮೊದಲೇ ನಿಧಾನ. ಸೋಂಕು ಅಲ್ಲಿ ನೆಲೆಯೂರಿ ಮೂತ್ರಪಿಂಡಕ್ಕೆ ಏರಿದರೆ ಅವಧಿಗೆ ಮುಂಚೆ ನೋವು ಬರಬಹುದು.

ಸೋಂಕಿನ ಮಾತು ಬಂದಾಗ ಕೊನೆಯ ದಿನಗಳಿಗೆ ಸಂಬಂಧಿಸಿದ ಒಂದು ಸಂಗತಿ ಹೇಳಲೇಬೇಕು. ಚಿಕನ್‌ಪಾಕ್ಸ್ ಎನ್ನುವ ಸೀತಾಳೆ ಸಿಡುಬು ತಾಯಿಗೆ ಹೆರಿಗೆಗೆ ಐದು ದಿನ ಮುಂಚಿನಿಂದ ಎರಡು ದಿನ ನಂತರದೊಳಗೆ ಎದ್ದರೆ ಶಿಶುವಿಗೆ ತುಂಬ ಅಪಾಯ. ತಾಯಿಯ ರಕ್ತದಲ್ಲಿ ಪ್ರತಿಕಾಯಗಳು ತಯಾರಾಗಿ ಮಾಸಿನ ಮೂಲಕ ಮಗುವನ್ನು ಸೇರಲು ಸಮಯವೇ ಇರುವುದಿಲ್ಲ; ವೈರಸ್ ಮಾತ್ರ ಸೇರಿರುತ್ತದೆ. ಚಿಕ್ಕಂದಿನಲ್ಲಿ ಈ ಸಿಡುಬು ಬಂದು ಹೋದವರಿಗೆ ಸಾಮಾನ್ಯವಾಗಿ ಭಯವಿಲ್ಲ. ಬಾರದವರನ್ನು ಆ ರೋಗಿಗಳ ಕೋಣೆಯಿಂದ ದೂರವಿಡಬೇಕು. ಕೆಲಸಕ್ಕೆ ಸೇರುವಾಗಲೇ ಇದನ್ನು ವಿಚಾರಿಸಿ ಬರೆದಿಟ್ಟುಕೊಳ್ಳುವ ಆಸ್ಪತ್ರೆಗಳು ಜಾಣ ಆಸ್ಪತ್ರೆಗಳು.

ಎಕ್ಸ್-ರೇ ಬಗ್ಗೆ ಜನರಿಗೆ ಇರುವ ಭಯ ಅದರ ನಿಜವಾದ ಅಪಾಯಕ್ಕಿಂತ ದೊಡ್ಡದು. ಆ ಭಯಕ್ಕೆ ಮೂಲವಿಲ್ಲದೆ ಇಲ್ಲ. ಗರ್ಭಿಣಿಯರ ಹೊಟ್ಟೆಯ ಎಕ್ಸ್-ರೇಗೂ ಮಕ್ಕಳ ಕ್ಯಾನ್ಸರಿಗೂ ನಂಟಿರುವುದನ್ನು ಬ್ರಿಟನ್ನಿನ ವೈದ್ಯೆ ಆಲಿಸ್ ಸ್ಟೂವರ್ಟ್ 1956ರಲ್ಲಿ ತೋರಿಸಿದ್ದರು. ಆದರೆ ವಾರ್ಡಿಗೆ ತಳ್ಳಿಕೊಂಡು ಬರುವ ಯಂತ್ರದಿಂದ ರೋಗಿಯ ಎದೆಯ ಚಿತ್ರ ತೆಗೆಯುವಾಗ ದಾದಿಗೆ ತಗಲುವುದು ಚದುರಿದ ಕಿರಣ ಮಾತ್ರ. ದೂರ ಇಮ್ಮಡಿಯಾದರೆ ತೀವ್ರತೆ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಎರಡು ಮೀಟರ್ ಹಿಂದೆ ಸರಿದು ನಿಲ್ಲುವುದಕ್ಕೆ ಖರ್ಚಿಲ್ಲ. ವಿಕಿರಣ ವಿಭಾಗದಲ್ಲೇ ಕೆಲಸ ಮಾಡುವವರು ಗರ್ಭಿಣಿಯೆಂದು ತಿಳಿಸಿದ ಮೇಲೆ ಭ್ರೂಣಕ್ಕೆ ಉಳಿದ ಅವಧಿಯಲ್ಲಿ 1 ಮಿಲಿಸೀವರ್ಟ್ ಮೀರಬಾರದೆಂಬ ನಿಯಮವಿದೆ. ಭೂಮಿಯ ಮೇಲೆ ಒಬ್ಬ ಮನುಷ್ಯನಿಗೆ ಪ್ರಕೃತಿಯಿಂದಲೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತದೆ. ಕ್ಯಾನ್ಸರ್ ಔಷಧಿಗಳನ್ನು ಬೆರೆಸುವ ಕೆಲಸ ಮಾತ್ರ ಬೇರೆ. ವಿಭಜಿಸುವ ಕೋಶವನ್ನು ಕೊಲ್ಲುವುದೇ ಅವುಗಳ ಗುಣ, ಗರ್ಭದಲ್ಲಿರುವುದು ವಿಭಜಿಸುತ್ತಲೇ ಇರುವ ಕೋಶಗಳು. ಆ ಕೆಲಸ ಗರ್ಭಿಣಿಗೆ ಬೇಡ.

ಇಷ್ಟೆಲ್ಲ ತಿಳಿದವಳು ದಾದಿಯೇ. ಆದರೂ ಬೆಳಗ್ಗಿನಿಂದ ಮೂವತ್ತು ಜನರ ರಕ್ತದೊತ್ತಡ ನೋಡಿ ಬರೆದವಳು ತನ್ನದನ್ನು ನೋಡಿಕೊಂಡಿರುವುದಿಲ್ಲ. ನಿಂತು ನಿಂತು ಪಾದ ಊದಿದ್ದರೆ ರಾತ್ರಿ ಮಲಗಿ ಏಳುವಷ್ಟರಲ್ಲಿ ಇಳಿಯುತ್ತದೆ. ಮುಖ, ಕೈ ಊದಿಕೊಂಡು, ತಲೆನೋವು ಬಂದು, ಕಣ್ಣು ಮಂಜಾದರೆ ಅದು ನಿಂತದ್ದರ ಫಲವಲ್ಲ. ಒತ್ತಡ 140/90 ಮುಟ್ಟಿದೆಯೇ ಎಂದು ಆಗಲೇ ನೋಡಬೇಕು. 'ಡ್ಯೂಟಿ ಮುಗಿಯಲಿ' ಎನ್ನುವಂತಿಲ್ಲ. ಮಗುವಿನ ಚಲನೆ ಕಡಿಮೆಯಾಗಿದೆಯೇ ಎಂಬುದು ಗೊತ್ತಾಗಲು ಅವಳು ಒಂದಿಷ್ಟು ಹೊತ್ತು ಕುಳಿತು ಗಮನಿಸಬೇಕು. ವಾರ್ಡಿನಲ್ಲಿ ಅವಳಿಗೊಂದು ಕುರ್ಚಿ ಇರಬೇಕೆನ್ನುವುದು ಇದಕ್ಕೇ.

ಕಾನೂನು ಏನು ಹೇಳುತ್ತದೆ? 1961ರ ಹೆರಿಗೆ ಸೌಲಭ್ಯ ಕಾಯಿದೆ ಹೆರಿಗೆಯ ನಿರೀಕ್ಷಿತ ದಿನಕ್ಕೆ ಆರು ವಾರಗಳ ಹಿಂದಿನ ಒಂದು ತಿಂಗಳಿನಲ್ಲಿ, ಮತ್ತು ಆ ಆರು ವಾರಗಳಲ್ಲಿ ರಜೆ ಪಡೆಯದೆ ದುಡಿಯುವ ದಿನಗಳಲ್ಲಿಯೂ, ಶ್ರಮದ ಅಥವಾ ಬಹಳ ಹೊತ್ತು ನಿಲ್ಲುವ ಕೆಲಸವನ್ನು ಗರ್ಭಿಣಿಯಿಂದ ಮಾಡಿಸಬಾರದೆಂದಿತು. ಅದಕ್ಕಾಗಿ ಸಂಬಳ ಕಡಿಯುವಂತಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ರಕ್ಷಣೆ ಇದೆ. ನಲವತ್ತು ವಾರಗಳ ಲೆಕ್ಕದಲ್ಲಿ ಇದು ಸುಮಾರು ಮೂವತ್ತನೆಯ ವಾರದಿಂದ, ಅಂದರೆ ಸೀಮಂತದ ಹೊತ್ತಿನಿಂದಲೇ! ದಿನಗೂಲಿಯ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲಿ ದೆಹಲಿ ನಗರಪಾಲಿಕೆಯ ಪ್ರಕರಣದಲ್ಲಿ ಹೇಳಿದೆ. ಸರ್ಕಾರಿ ನೌಕರರಿಗೆ ಅವರದೇ ಸೇವಾ ನಿಯಮಗಳಿವೆ.

ಆದರೆ ಕಾಯಿದೆಯಲ್ಲಿ ಒಂದು ಪುಟ್ಟ ಷರತ್ತಿದೆ: ಅವಳು ಕೋರಿಕೊಂಡರೆ. ಕೇಳದಿದ್ದರೆ ಇಲ್ಲ. ಹೊಸದಾಗಿ ಸೇರಿದವಳು, ಗುತ್ತಿಗೆಯ ಮೇಲಿರುವವಳು ಕೇಳಲು ಹಿಂಜರಿಯುತ್ತಾಳೆ. ಅವಳು ಬಿಟ್ಟ ರಾತ್ರಿ ಪಾಳಿ, ಮನೆಯಲ್ಲಿ ಎರಡು ವರ್ಷದ ಮಗುವಿರುವ ಇನ್ನೊಬ್ಬಳ ಮೇಲೆ ಬೀಳುತ್ತದೆ. ಗೊಣಗಾಟ ಹುಟ್ಟುವುದು ಅಲ್ಲಿಯೇ. ರಜೆಗಳನ್ನು ತುಂಬಲೆಂದು ಶೇಕಡಾ 30ರಷ್ಟು ಹೆಚ್ಚುವರಿ ದಾದಿಯರಿರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಆ ಹುದ್ದೆಗಳನ್ನು ತುಂಬದ ಆಡಳಿತ, ತನ್ನ ಕೊರತೆಯನ್ನು ಇಬ್ಬರು ಹೆಂಗಸರ ನಡುವಿನ ಜಗಳವಾಗಿ ಮಾಡಿ ಕೈತೊಳೆದುಕೊಳ್ಳುತ್ತದೆ.

2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ ರಜೆ 26 ವಾರವಾಯಿತು. ಇದರಲ್ಲಿ ಹೆರಿಗೆಗೆ ಮುಂಚೆ ಎಂಟು ವಾರ ಮೀರಿ ಪಡೆಯುವಂತಿಲ್ಲ. 32ನೆಯ ವಾರದಲ್ಲೇ ಹೊರಟವಳಿಗೆ ಮಗುವಿನೊಂದಿಗೆ ಸಿಗುವುದು 18 ವಾರ. 38ರವರೆಗೆ ದುಡಿದವಳಿಗೆ 24. ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಎಂದು ಊರಿಗೆಲ್ಲ ಹೇಳುವವಳು ಎರಡನೆಯದನ್ನು ಆರಿಸಿಕೊಂಡರೆ ಆಶ್ಚರ್ಯವೇನು? ಹೊರರೋಗಿ ವಿಭಾಗ, ಲಸಿಕೆ ಕೋಣೆ, ದಾಖಲೆ, ಬಾಣಂತಿಯರಿಗೆ ತಿಳಿವಳಿಕೆ ಹೇಳುವ ಕೆಲಸ - ಕುಳಿತು ಮಾಡಬಹುದಾದ ಕೆಲಸಗಳು ಆಸ್ಪತ್ರೆಯಲ್ಲಿ ಬೇಕಾದಷ್ಟಿವೆ. ಮೂವತ್ತನೆಯ ವಾರ ಮುಟ್ಟುವ ಮುನ್ನವೇ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಬೇಕು. ಹೆರಿಗೆಯ ನಿರೀಕ್ಷಿತ ದಿನಾಂಕ, ವೈದ್ಯರ ಪ್ರಮಾಣಪತ್ರ, ಬದಲಾಗಬೇಕಾದ ಕೆಲಸ ಯಾವುದು ಎಂಬುದು ಅದರಲ್ಲಿರಲಿ. ಒಂದು ಪ್ರತಿಯ ಮೇಲೆ ತಲುಪಿದ ದಿನಾಂಕ ಹಾಕಿಸಿ, ಸಹಿ ಪಡೆದು ಮನೆಯಲ್ಲಿಟ್ಟುಕೊಳ್ಳಬೇಕು.