ಆ ನಗುವಿನಲ್ಲಿ ನಮ್ಮ ಪಾಲೆಷ್ಟು?

ಗೆಳೆಯರೇ, ನಾವೂ ನಕ್ಕವರೇ. ಸುಳ್ಳು ಯಾಕೆ ಹೇಳೋಣ?

2008ರ ಬೇಸಿಗೆ, ಐಪಿಎಲ್ ಶುರುವಾದ ವರ್ಷ. ಊರಲ್ಲಿ ಕೇಬಲ್ ಇದ್ದದ್ದು ಗೌಡರ ಮನೆಗೆ. ನಾವು ಕೇರಿ ಹುಡುಗರು ಅಂಗಳದಲ್ಲಿ ನಿಂತು ಕಿಟಕಿಯಿಂದ ಟಿ.ವಿ. ನೋಡುತ್ತಿದ್ದೆವು. ಜಗಲಿ ಹತ್ತುವಂತಿರಲಿಲ್ಲ. ಶನಿವಾರ ಭಾನುವಾರ ಬಂತೆಂದರೆ ಎರಡೆರಡು ಆಟ. ಆಟಕ್ಕೆ ಮೊದಲು ಸೆಟ್ ಮ್ಯಾಕ್ಸ್‌ನಲ್ಲಿ ‘ಎಕ್ಸ್‌ಟ್ರಾ ಇನ್ನಿಂಗ್ಸ್’ ಅನ್ನೋ ತಮಾಷೆ ಮಾತುಕತೆ. ಹಿಂದಿ ನಮಗೆ ಬರುತ್ತಿರಲಿಲ್ಲ. ಪರದೆಯೊಳಗಿನವರು ನಕ್ಕರೆ ಜಗಲಿ ಮೇಲಿನವರು ನಗುತ್ತಿದ್ದರು, ಜಗಲಿ ಮೇಲಿನವರು ನಕ್ಕರೆ ನಾವು ನಗುತ್ತಿದ್ದೆವು. ಯಾತಕ್ಕೆ ನಗ್ತಾ ಇದೀವಿ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಮೂರನೇ ಕೈಯ ನಗು ಅದು.

ಈ ಕಾರ್ಯಕ್ರಮ ಹುಟ್ಟಿದ್ದು 2003ರ ವಿಶ್ವಕಪ್ಪಿನಲ್ಲಿ. ಆಟ ನೋಡದ ಮನೆಮಂದಿಯನ್ನೂ ಜಾಹೀರಾತಿನ ಮುಂದೆ ಕೂರಿಸಬೇಕಿತ್ತು. ಅದಕ್ಕೆ ಮಂದಿರಾ ಬೇಡಿಯವರನ್ನು ತಂದರು. ಆಕೆ ಕೇಳಿದ ಪ್ರಶ್ನೆಗಳು ಯಾರಿಗೂ ನೆನಪಿಲ್ಲ, ರವಿಕೆಯ ದಾರ ಎಲ್ಲರಿಗೂ ನೆನಪಿದೆ. 2007ರಲ್ಲಿ ಆಕೆ ಎಲ್ಲ ದೇಶಗಳ ಧ್ವಜವಿದ್ದ ಸೀರೆ ಉಟ್ಟರು. ನಮ್ಮ ಧ್ವಜ ಮಂಡಿಗಿಂತ ಕೆಳಗೆ ಬಂತು ಅಂತ ಗಲಾಟೆಯಾಯಿತು, ಆಕೆ ಕ್ಷಮೆ ಕೇಳಬೇಕಾಯಿತು. ಸೀರೆಯ ಮೇಲಿನ ಚಿತ್ರಕ್ಕೆ ಇಷ್ಟು ಬೇಗ ನೋಯುವ ದೇಶ ಇದು!

ಇನ್ನೊಂದು ನೋವಿನ ಕತೆ ಕೇಳಿ. 2020, ಲಾಕ್‌ಡೌನ್. ಸ್ಟುಡಿಯೋಗಳಿಗೆ ಬೀಗ ಬಿತ್ತು, ಅದೇ ಹರಟೆ ಆಟಗಾರರ ಮೊಬೈಲಿಗೆ ಬಂತು. ಯುವರಾಜ್ ಸಿಂಗ್ ಇನ್‌ಸ್ಟಾಗ್ರಾಮಿನಲ್ಲಿ ಮತ್ತೊಬ್ಬ ಆಟಗಾರನ ಜೊತೆ ನಗುನಗುತ್ತಾ ಮಾತಾಡುತ್ತಿದ್ದರು. ತಂಡದ ಹುಡುಗನೊಬ್ಬನನ್ನು ಛೇಡಿಸಲು ಬಳಸಿದ್ದು ಮಲ ಬಾಚುವ ನಮ್ಮ ಜನರ ಜಾತಿಯ ಹೆಸರು. ಅದು ಬೈಗುಳವೂ ಅಲ್ಲ ಅವರಿಗೆ, ಬರೀ ಚೇಷ್ಟೆ. ದೂರು ಎದ್ದಮೇಲೆ ಜೂನ್‌ನಲ್ಲಿ ವಿಷಾದ ಹೇಳಿದರು. 2021ರ ಅಕ್ಟೋಬರಿನಲ್ಲಿ ಹರಿಯಾಣದ ಹಾನ್ಸಿಯಲ್ಲಿ ಬಂಧಿಸಿ ಜಾಮೀನಿನ ಮೇಲೆ ಬಿಟ್ಟರು. ಸೀರೆಗೆ ಎದ್ದು ಕೂಗಿದವರು ಆವಾಗ ಎಲ್ಲಿ ಮಲಗಿದ್ದರೋ.

‘ಎಲ್ಲಕ್ಕೂ ಜಾತಿ ಎಳೀತೀರಲ್ರೋ, ತಮಾಷೆಗೂ ಬಿಡಲ್ವಾ?’ ಕಾಲೇಜಲ್ಲಿ ನಮ್ಮನ್ನು ಹೀಗೆ ಕೇಳಿದ ಗೆಳೆಯರಿದ್ದಾರೆ. ಸ್ವಾಮಿ, ನಾವು ಎಳೆದು ತಂದದ್ದಲ್ಲ. ಕ್ರಿಕೆಟ್ಟು ಈ ದೇಶದಲ್ಲಿ ಕಣ್ಣು ಬಿಡುವಾಗಲೇ ಜಾತಿ ಅಲ್ಲಿ ಚಹಾ ಹಂಚುತ್ತಾ ನಿಂತಿತ್ತು.

ಪಾಲ್ವಣಕರ್ ಬಾಲೂ. ಹುಟ್ಟಿದ್ದು 1876, ನಮ್ಮದೇ ಧಾರವಾಡದಲ್ಲಿ. ಚಮ್ಮಾರರ ಮಗ. ಪುಣೆಯಲ್ಲಿ ಸಾಹೇಬರ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ, ರೋಲರ್ ಎಳೆದು, ಬಲೆ ಕಟ್ಟಿ, ಅವರು ಬ್ಯಾಟು ಬೀಸಲೆಂದು ಚೆಂಡು ಎಸೆದೆಸೆದೇ ಎಡಗೈ ಸ್ಪಿನ್ ಕಲಿತವರು. ಹಿಂದೂ ತಂಡಕ್ಕೆ ಆ ಕೈ ಬೇಕಾಯಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಬ್ರಾಹ್ಮಣರೂ ಮುಟ್ಟಿದರು. ಚಹಾ ಹೊತ್ತಿಗೆ ಮಾತ್ರ ಬಾಲೂ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಲೋಟ ಬೇರೆ. 1911ರಲ್ಲಿ ಪಟಿಯಾಲಾ ಮಹಾರಾಜನ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಆದರೂ ನಾಯಕನ ಪಟ್ಟ ಕೊಡಲಿಲ್ಲ. 1920ರಲ್ಲಿ ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರು ವಿಠ್ಠಲ್, ಶಿವರಾಮ್ ನಾವೂ ಆಡಲ್ಲ ಅಂತ ಹೊರನಡೆದರು. 1923ರಲ್ಲಿ ವಿಠ್ಠಲ್ ನಾಯಕರಾದರು. ಬೇಡಿ ಪಡೆದದ್ದಲ್ಲ ಅದು.

(1937ರ ಚುನಾವಣೆಯಲ್ಲಿ ಇದೇ ಬಾಲೂ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ವಿರುದ್ಧ ನಿಂತು ಸೋತರು. ಅದು ನಮ್ಮ ಮನೆಯ ಜಗಳ, ನಾವೇ ಆಡಿಕೊಳ್ಳುತ್ತೇವೆ.)

ಅಷ್ಟು ವರ್ಷ ಕಿಟಕಿಯಲ್ಲಿ ನಿಂತು ನೋಡಿದೆವಲ್ಲ, ಈ ಹೆಸರು ಒಂದು ಸಲವೂ ನಮ್ಮ ಕಿವಿಗೆ ಬೀಳಲಿಲ್ಲ. ಹಳೆಯ ಆಟಗಾರರು ಶಾಯರಿ ಹೊಡೆದರು, ಹಾಡಿದರು, ಕುಣಿದರು. ಬಾಲೂ ಹೆಸರು ನಮಗೆ ಸಿಕ್ಕಿದ್ದು ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಓಡಾಡಿದ, ರಟ್ಟು ಕಿತ್ತ ರಾಮಚಂದ್ರ ಗುಹಾ ಪುಸ್ತಕದಲ್ಲಿ. ಆ ರಾತ್ರಿ ನಮಗೆ ನಗು ಬಂತೋ ಅಳು ಬಂತೋ, ಗೊತ್ತಾಗಲಿಲ್ಲ. ಧಾರವಾಡದವನಂತೆ ಕಣ್ಲಾ, ನಮ್ಮೋನಂತೆ, ಅಂತ ಒಬ್ಬರನ್ನೊಬ್ಬರು ಎಬ್ಬಿಸಿ ಹೇಳಿಕೊಂಡೆವು.

2018ರಲ್ಲಿ ಐಪಿಎಲ್ ಸ್ಟಾರ್ ಕೈಗೆ ಹೋಯಿತು, ಕನ್ನಡದಲ್ಲೂ ವಿವರಣೆ ಬಂತು. ಸಂತೋಷ. ಈಗ ನಮಗೆ ಮಾತು ಅರ್ಥವಾಗುತ್ತದೆ. ಮನೆಯಲ್ಲಿ ನಮ್ಮದೇ ಟಿ.ವಿ. ಇದೆ, ಅಪ್ಪ ಅದರ ಮುಂದೆ ಮಂಚದ ಮೇಲೆ ಕೂತು ನೋಡುತ್ತಾರೆ. ಹಾಗಾಗಿ ಕೇಳುತ್ತಿದ್ದೇವೆ. ಹಳ್ಳಿಯ ಮೇಷ್ಟ್ರೇ, ಶನಿವಾರದ ಆಟದ ಪಿರಿಯಡ್ಡಿನಲ್ಲಿ ಮಕ್ಕಳಿಗೆ ಈ ಹೆಸರು ಹೇಳಿ. ಸ್ಟುಡಿಯೋದ ಕೋಟು ಹಾಕಿದ ಅಣ್ಣಂದಿರೇ, ನಿಮಗೆ ಎಲ್ಲವನ್ನೂ ತಮಾಷೆ ಮಾಡೋಕೆ ಬರುತ್ತದಲ್ಲ, ಆ ಮಣ್ಣಿನ ಲೋಟದ ಕತೆ ಹೇಳಿ ನಮ್ಮಪ್ಪನನ್ನು ನಗಿಸಿ ನೋಡೋಣ.