ಬಾಂಡ್ ಪೇಪರ್ ನಂಬಿ ಕಾರು ಕೊಳ್ಳಬೇಡಿ!

ಕಾರಿನ ಒಡೆಯ ಯಾರು? ದುಡ್ಡು ಎಣಿಸಿ ಕೊಟ್ಟವನೋ, ಕೀಲಿ ಇಟ್ಟುಕೊಂಡವನೋ? ಇಬ್ಬರೂ ಅಲ್ಲ. ಮೋಟಾರು ವಾಹನ ಕಾಯ್ದೆಯ ಕಣ್ಣಿಗೆ ಆರ್‌ಟಿಓ ದಾಖಲೆಯಲ್ಲಿ ಹೆಸರಿರುವವನೇ ಒಡೆಯ. ಗೆಳೆಯರೇ, ಇದೊಂದು ಮಾತು ತಲೆಯಲ್ಲಿ ಉಳಿದರೆ ಸಾಕು.

ನಮ್ಮ ಭಾಗ್ಯನಗರದ ಹುಡುಗರು ದುಡಿಯುವವರು. ಮಗ್ಗದ ಮನೆಯಲ್ಲಿ ಬೆಳೆದವರು, ಕೂದಲಿನ ವ್ಯಾಪಾರಕ್ಕೆ ಊರೂರು ತಿರುಗುವವರು. ನಾಲ್ಕು ಕಾಸು ಕೂಡಿದರೆ ಒಂದು ಹಳೆ ಕಾರು ತರಬೇಕೆಂಬ ಆಸೆ ತಪ್ಪಲ್ಲ. ಹುಬ್ಬಳ್ಳಿಯಿಂದ, ಬಳ್ಳಾರಿಯಿಂದ, ಹೈದರಾಬಾದಿನಿಂದ ಗಾಡಿ ಬರುತ್ತವೆ. ಜೊತೆಗೆ ಬ್ರೋಕರನ ಬಾಯಿಯೂ ಬರುತ್ತದೆ: "ತಮ್ಮಾ, 29, 30 ಫಾರಂಗೆ ಸಹಿ ಆಗಿದೆ. ಬಾಂಡ್ ಪೇಪರ್ ಮೇಲೆ ಬರೆದುಕೊಡ್ತೀನಿ. ಈಗ ಟ್ರಾನ್ಸ್‌ಫರ್ ಖರ್ಚು ಯಾಕೆ? ಮುಂದೆ ಮಾರಿದಾಗ ಅವನೇ ಮಾಡಿಸಿಕೊಳ್ತಾನೆ!"

ನಾನು ಪ್ರೆಸ್ ನಡೆಸುವವನು. ಕಾಗದದ ಮೇಲೆ ಏನು ಬೇಕಾದರೂ ಅಚ್ಚಾಗುತ್ತದೆ ಎಂಬುದು ನನಗೆ ಗೊತ್ತು. ಮಾರಿದ್ದಕ್ಕೆ ಕರಾರು ಒಂದು ಸಾಕ್ಷಿ, ಅಷ್ಟೇ. ಅದು ಆರ್‌ಸಿಯಲ್ಲಿ ನಿಮ್ಮ ಹೆಸರು ಬರೆಯುವುದಿಲ್ಲ. ಎಮ್ಮೆ ನೀರಿನಲ್ಲಿರುವಾಗಲೇ ದಡದಲ್ಲಿ ವ್ಯಾಪಾರ ಮುಗಿಸಿದ ಹಾಗೆ ಇದು.

ಮುಂದೆ ಏನಾಗಬಹುದು ನೋಡಿ. ಗಾಡಿಯ ಮೇಲೆ ಹಳೆಯ ಸಾಲ ಇರುತ್ತದೆ. ಕಂತು ನಿಂತರೆ ಫೈನಾನ್ಸಿನವರು ನಿಮ್ಮ ಮನೆ ಮುಂದೆಯೇ ಬಂದು ನಿಲ್ಲುತ್ತಾರೆ. ಹಳೆಯ ಒಡೆಯ ತೀರಿಕೊಂಡರೆ ಅವನು ಹಾಕಿಟ್ಟ ಸಹಿಯಿಂದ ಕೆಲಸ ನಡೆಯುವುದಿಲ್ಲ. ಮೊದಲು ಅವನ ವಾರಸುದಾರರು 31ನೇ ಫಾರಂ ಹಾಕಬೇಕು. ಅವರು ಒಪ್ಪದಿದ್ದರೆ? ಗಾಡಿ ಕಳವಿನದಾಗಿದ್ದರಂತೂ ಕಾರೂ ಹೋಯಿತು, ದುಡ್ಡೂ ಹೋಯಿತು, ಠಾಣೆಯ ಮೆಟ್ಟಿಲು ಮಾತ್ರ ಉಳಿಯಿತು. ವಿಮೆಯ ಕಥೆಯೂ ಅಷ್ಟೇ. ಹೊರಗಿನವರಿಗೆ ಆಗುವ ಹಾನಿಯ ವಿಮೆ ಗಾಡಿಯ ಹಿಂದೆ ಬರುತ್ತದೆ. ಆದರೆ ಗಾಡಿಗೇ ಆದ ಹಾನಿಯ ವಿಮೆ ಕಂಪನಿ ಒಪ್ಪದೆ ತಾನಾಗಿ ಹೊಸಬನಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆ.

ಮಾರುವವನು ದುಡ್ಡು ಎಣಿಸಿ ನಿಶ್ಚಿಂತೆಯಾಗಿ ಮಲಗಬಹುದೇ? ಅದೂ ಇಲ್ಲ! ಉತ್ತರ ಭಾರತದ ಒಬ್ಬ 2007ರಲ್ಲಿ ತನ್ನ ಮಾರುತಿ 800 ಮಾರಿದ. ಅದು ಕೈಯಿಂದ ಕೈಗೆ ದಾಟಿತು, ಆರ್‌ಸಿಯಲ್ಲಿ ಹೆಸರು ಮಾತ್ರ ಬದಲಾಗಲಿಲ್ಲ. 2009ರ ಮೇ ತಿಂಗಳಲ್ಲಿ ಆ ಕಾರು ಹಿಂದಕ್ಕೆ ಬಂದು ಒಬ್ಬ ಹುಡುಗನ ಮೇಲೆ ಹರಿಯಿತು, ಹುಡುಗ ಸತ್ತ. ಪರಿಹಾರ ಕೊಡಬೇಕಾದವನು ಯಾರು? ದಾಖಲೆಯಲ್ಲಿ ಹೆಸರಿದ್ದ ಮೊದಲಿನವನೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 6ರಂದು ತೀರ್ಪು ಕೊಟ್ಟಿತು. ಮಾರಿ ಎರಡು ವರ್ಷ ಆಗಿದ್ದರೂ ಹೊಣೆ ಅವನ ಕೊರಳಿಗೇ ಬಿತ್ತು.

ಹಾಗಾದರೆ ಮಾಡಬೇಕಾದದ್ದೇನು? ಕಾಯ್ದೆಯ 50ನೇ ಕಲಂ ಸ್ಪಷ್ಟವಾಗಿದೆ. ರಾಜ್ಯದೊಳಗಿನ ಗಾಡಿಯಾದರೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಹೊರರಾಜ್ಯದ ಗಾಡಿಯಾದರೆ ಅಲ್ಲಿಯ ಆರ್‌ಟಿಓದಿಂದ ಎನ್‌ಓಸಿ ಬೇಕು. ಸಾಲವಿದ್ದರೆ 35ನೇ ಫಾರಂ ಮತ್ತು ಸಾಲ ಕೊಟ್ಟವರ ಪತ್ರ ಬೇಕು. ಕೊಳ್ಳುವ ಮೊದಲೇ ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೋಂದಣಿ, ವಿಮೆ, ಸಾಲದ ವಿವರ ನೋಡಿ. ಆರ್‌ಸಿಯಲ್ಲಿರುವ ಇಂಜಿನ್, ಚಾಸಿ ನಂಬರ್‌ಗಳನ್ನು ಗಾಡಿಯ ಮೇಲಿರುವುದಕ್ಕೆ ತಾಳೆ ಹಾಕಿ. ಹಳೆ ಗಾಡಿ ವ್ಯಾಪಾರಿಗಳು ಆರ್‌ಟಿಓದಿಂದ ಅಧಿಕೃತ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. "ಅಣ್ಣಾ, ನಿನ್ನ ಪ್ರಮಾಣಪತ್ರ ತೋರಿಸು" ಎಂದು ಕೇಳಲು ನಾಚಿಕೆ ಯಾಕೆ?

ಇನ್ನೊಂದು ಮಾತು ಹೇಳದೆ ಬಿಡಲಾರೆ. ನಮ್ಮ ಹುಡುಗರು ಈ ಫಾರಂಗಳಿಗೆ ಓದದೆ ಸಹಿ ಹಾಕುವುದೇಕೆ? ಕೈಗೆ ಸಿಗುವುದು ಇಂಗ್ಲಿಷ್ ಫಾರಂ! ಬ್ರೋಕರ್ ಬೆರಳು ತೋರಿಸಿದ ಕಡೆ ಇವರು ಸಹಿ ಒತ್ತುತ್ತಾರೆ. 1963ರಲ್ಲೇ ರಾಜಭಾಷಾ ಕಾಯ್ದೆ ಬಂದ ನಾಡಿನಲ್ಲಿ, ಕನ್ನಡಿಗ ತನ್ನ ಗಾಡಿಯ ಕಾಗದವನ್ನು ತನ್ನ ಭಾಷೆಯಲ್ಲಿ ಓದುವಂತಿಲ್ಲವೇ? ಭಾಷೆಯ ಪ್ರಶ್ನೆ ಎಂದರೆ ಬರೀ ನವೆಂಬರಿನ ಬಾವುಟವಲ್ಲ, ಜೇಬಿನ ಪ್ರಶ್ನೆ. ಓದಲಾಗದ ಕಾಗದದ ಮರೆಯಲ್ಲೇ ಮೋಸ ಬದುಕುವುದು. ಕನ್ನಡದ ಫಾರಂ ಕೇಳಿ. ಇಲ್ಲವೆಂದರೆ ಇಲ್ಲವೆಂದು ಬರೆದುಕೊಡಲು ಹೇಳಿ. ಅಲ್ಲಿಯವರೆಗೆ ಬಲ್ಲವರಿಂದ ಓದಿಸಿಕೊಳ್ಳಿ.

ಖಾಲಿ ಫಾರಂಗೆ ಸಹಿ ಹಾಕಬೇಡಿ, ಖಾಲಿ ಫಾರಂ ಪಡೆದು ಬರಬೇಡಿ. ಮುಂಗಡ ಕೊಡಿ, ಬಾಕಿ ದುಡ್ಡು ಕೈಯಲ್ಲಿಟ್ಟುಕೊಳ್ಳಿ. ಆರ್‌ಸಿಯಲ್ಲಿ ನಿಮ್ಮ ಹೆಸರು ಬಂದ ದಿನ ಅದನ್ನು ಎಣಿಸಿ ಕೊಡಿ. ಇದಕ್ಕೆ ಒಪ್ಪದವನ ಗಾಡಿ ಎಷ್ಟೇ ಅಗ್ಗವಾಗಿರಲಿ, ಅವನ ಅಂಗಳದಲ್ಲೇ ನಿಂತಿರಲಿ!