ಗೆಲುವು ಯಾರ ಖಾತೆಗೆ?

ಅಮೆರಿಕದ ಡೆನ್ವರ್ ನಗರದಲ್ಲಿ 2011ರ ಡಿಸೆಂಬರ್ 11ರಂದು ಒಂದು ಫುಟ್ಬಾಲ್ ಪಂದ್ಯ ನಡೆಯಿತು. ಎದುರಾಳಿ ಶಿಕಾಗೋ ತಂಡ 10–0ರಿಂದ ಮುಂದಿತ್ತು. ಉಳಿದಿದ್ದುದು ಎರಡು ನಿಮಿಷಕ್ಕಿಂತ ತುಸು ಹೆಚ್ಚು ಕಾಲ. ಆಗ ಡೆನ್ವರ್ ತಂಡದ ಕ್ವಾರ್ಟರ್‌ಬ್ಯಾಕ್ ಟಿಮ್ ಟೀಬೋ ಎಸೆದ ಚೆಂಡಿನಿಂದ ತಂಡಕ್ಕೆ 7 ಅಂಕ ದಕ್ಕಿತು. ಬಳಿಕ ಶಿಕಾಗೋದ ಆಟಗಾರನೊಬ್ಬ ಅಂಗಣದ ಗೆರೆ ದಾಟಿ ಹೊರಗೆ ಕಾಲಿಟ್ಟುದರಿಂದ ಗಡಿಯಾರ ನಿಂತು, ಸೋಲುತ್ತಿದ್ದವರಿಗೆ ಕಾಲಾವಕಾಶ ಸಿಕ್ಕಿತು. ಕೊನೆಯ ಕ್ಷಣಗಳಲ್ಲಿ ಮ್ಯಾಟ್ ಪ್ರೇಟರ್ ಎಂಬಾತ 59 ಗಜ ದೂರದಿಂದ ಚೆಂಡನ್ನು ಒದ್ದು ಪಂದ್ಯವನ್ನು ಸಮಗೊಳಿಸಿದ. ಹೆಚ್ಚುವರಿ ಅವಧಿಯಲ್ಲಿ ಅದೇ ಶಿಕಾಗೋ ಆಟಗಾರನ ಕೈಯಿಂದ ಡೆನ್ವರ್‌ನ ರಕ್ಷಕರು ಚೆಂಡನ್ನು ಕೆಡವಿದರು. ಪ್ರೇಟರ್ 51 ಗಜದಿಂದ ಮತ್ತೊಮ್ಮೆ ಒದ್ದು 13–10ರ ಗೆಲುವು ತಂದ. ಆದರೂ ಆ ದಿನದ ಗೆಲುವು ಲೋಕದ ಬಾಯಲ್ಲಿ ‘ಟೀಬೋ ಪವಾಡ’ವಾಗಿಯೇ ಉಳಿಯಿತು.

ಮಾಧ್ಯಮಗಳು ಒಬ್ಬ ಆಟಗಾರನಿಗೆ ನೀಡುವ ಗಮನಕ್ಕೆ ಆತ ಎಷ್ಟರಮಟ್ಟಿಗೆ ಅರ್ಹ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ವಿರಳ. ವಾದ ಪ್ರತಿವಾದಗಳೆರಡರಲ್ಲೂ ಇಲ್ಲಿ ಹುರುಳಿದೆ.

ಮೊದಲು ಆಟದ ಪರಿಚಯ. ಅಮೆರಿಕನ್ನರು ಫುಟ್ಬಾಲ್ ಎನ್ನುವುದು ಕಾಲ್ಚೆಂಡಾಟವನ್ನಲ್ಲ. ಅದರ ಚೆಂಡು ಅಂಡಾಕಾರದ್ದು. ಹೆಚ್ಚಿನ ಹೊತ್ತು ಅದು ಕೈಯಲ್ಲಿಯೇ ಇರುತ್ತದೆ. ಒಂದು ತಂಡದಿಂದ ಏಕಕಾಲಕ್ಕೆ 11 ಮಂದಿ ಅಂಗಣದಲ್ಲಿರುತ್ತಾರೆ. ನಾಲ್ಕು ಯತ್ನಗಳೊಳಗೆ 10 ಗಜ ಮುಂದುವರಿದರೆ ಚೆಂಡು ತಂಡದಲ್ಲಿ ಉಳಿಯುತ್ತದೆ, ಇಲ್ಲವಾದರೆ ಎದುರಾಳಿಗೆ ಹೋಗುತ್ತದೆ. ಪ್ರತಿ ಯತ್ನದಲ್ಲಿಯೂ ಚೆಂಡು ಮೊದಲು ತಲುಪುವುದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಎಸೆಯಬೇಕೇ, ಜೊತೆಗಾರನಿಗೆ ಒಪ್ಪಿಸಬೇಕೇ, ತಾನೇ ಹಿಡಿದು ಓಡಬೇಕೇ ಎಂದು ಕ್ಷಣಾರ್ಧದಲ್ಲಿ ನಿರ್ಧರಿಸುವವನು ಅವನು. ಆಕ್ರಮಣಕ್ಕೊಂದು ಪಡೆ, ರಕ್ಷಣೆಗೆ ಮತ್ತೊಂದು ಪಡೆ, ಚೆಂಡು ಒದೆಯಲು ಬೇರೊಬ್ಬ. ಆದ್ದರಿಂದ ಎದುರಾಳಿಯನ್ನು ತಡೆಯುವಾಗ ಕ್ವಾರ್ಟರ್‌ಬ್ಯಾಕ್ ಅಂಗಣದ ಹೊರಗೆ ನಿಂತಿರುತ್ತಾನೆ. ಹೀಗಿದ್ದೂ ಅಲ್ಲಿನ ದಾಖಲೆಗಳಲ್ಲಿ ತಂಡದ ಗೆಲುವು ಸೋಲುಗಳನ್ನು ಅವನ ಹೆಸರಿನಲ್ಲಿ ಎಣಿಸುವ ರೂಢಿಯಿದೆ. ಕಬಡ್ಡಿಯಲ್ಲಿ ದಾಳಿಗೆ ಹೋದವನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ; ಮೂಲೆಯಲ್ಲಿ ನಿಂತು ಎದುರಾಳಿಯ ಕಾಲು ಹಿಡಿದವನ ಹೆಸರನ್ನು ವಿಚಾರಿಸಿ ತಿಳಿಯಬೇಕಾಗುತ್ತದೆ. ಅದೇ ನ್ಯಾಯ ಇಲ್ಲಿಯೂ.

ಟೀಬೋ ಹುಟ್ಟಿದ್ದು 1987ರಲ್ಲಿ, ಫಿಲಿಪೀನ್ಸ್‌ನಲ್ಲಿ. ತಂದೆತಾಯಿ ಅಮೆರಿಕದ ಕ್ರೈಸ್ತ ಮಿಷನರಿಗಳು. ಬೆಳೆದದ್ದು ಫ್ಲಾರಿಡಾದಲ್ಲಿ, ಕಲಿತದ್ದು ಮನೆಯಲ್ಲಿಯೇ. ಮನೆಯಲ್ಲಿ ಓದುವ ಮಕ್ಕಳೂ ಸರಕಾರಿ ಪ್ರೌಢಶಾಲೆಯ ತಂಡದಲ್ಲಿ ಆಡಬಹುದೆಂದು ಆ ರಾಜ್ಯದ ಕಾನೂನು ಅವಕಾಶ ನೀಡಿದ್ದರಿಂದ ಅವರಿಗೆ ಅಂಗಣ ಸಿಕ್ಕಿತು. ಫ್ಲಾರಿಡಾ ವಿಶ್ವವಿದ್ಯಾಲಯದ ಪರ ಆಡುತ್ತ 2007ರಲ್ಲಿ ಅವರು ಕಾಲೇಜು ಫುಟ್ಬಾಲಿನ ಅತ್ಯುನ್ನತ ಗೌರವವಾದ ಹೈಸ್ಮನ್ ಟ್ರೋಫಿ ಪಡೆದರು. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನಿಗೆ ಅದು ಸಂದದ್ದು ಅದೇ ಮೊದಲು. 2006 ಮತ್ತು 2008ರ ಋತುಗಳಲ್ಲಿ ಅವರ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. 2010ರಲ್ಲಿ ಡೆನ್ವರ್ ಬ್ರಾಂಕೋಸ್ ತಂಡ ಅವರನ್ನು ಒಟ್ಟಾರೆ 25ನೆಯ ಆಯ್ಕೆಯಾಗಿ ಸೇರಿಸಿಕೊಂಡಿತು. ಅಂದರೆ, ವೃತ್ತಿಪರ ಲೀಗಿಗೆ ಕಾಲಿಡುವ ಮೊದಲೇ ಅವರ ಕೀರ್ತಿಗೆ ಆಧಾರವಿತ್ತು. ಅದು ಪತ್ರಿಕೆಗಳು ಕಲ್ಪಿಸಿದ ಕೀರ್ತಿಯಲ್ಲ.

ಟೀಬೋ ಪರವಾದ ವಾದದಲ್ಲಿ 2011ರ ಋತುವೇ ಮುಖ್ಯ ಸಾಕ್ಷಿ. ಮೊದಲ ಐದು ಪಂದ್ಯಗಳಲ್ಲಿ ನಾಲ್ಕನ್ನು ಸೋತ ತಂಡ ಕೈಲ್ ಆರ್ಟನ್ ಅವರ ಸ್ಥಾನಕ್ಕೆ ಟೀಬೋ ಅವರನ್ನು ತಂದಿತು. ಮಯಾಮಿಯಲ್ಲಿ ಮೂರು ನಿಮಿಷಗಳೂ ಉಳಿದಿಲ್ಲದಾಗ 15–0ರಿಂದ ಹಿಂದಿದ್ದ ತಂಡ 18–15ರಿಂದ ಗೆದ್ದಿತು. ನ್ಯೂಯಾರ್ಕ್ ಜೆಟ್ಸ್ ವಿರುದ್ಧ 95 ಗಜಗಳ ದೀರ್ಘ ಮುನ್ನಡೆಯ ಕೊನೆಯಲ್ಲಿ, ಒಂದು ನಿಮಿಷಕ್ಕಿಂತ ಕಡಿಮೆ ಕಾಲ ಉಳಿದಿದ್ದಾಗ, ಟೀಬೋ ತಾವೇ 20 ಗಜ ಓಡಿ ಗೆಲುವಿನ ಅಂಕ ಗಳಿಸಿದರು. ಅವರು ಆರಂಭದಿಂದ ಆಡಿದ 11 ಪಂದ್ಯಗಳಲ್ಲಿ ತಂಡ 7ನ್ನು ಗೆದ್ದು ತನ್ನ ವಿಭಾಗದ ಅಗ್ರಸ್ಥಾನಕ್ಕೇರಿತು. 2012ರ ಜನವರಿ 8ರಂದು ಬಲಿಷ್ಠ ಪಿಟ್ಸ್‌ಬರ್ಗ್ ವಿರುದ್ಧದ ನಾಕೌಟ್ ಪಂದ್ಯದ ಹೆಚ್ಚುವರಿ ಅವಧಿಯ ಮೊದಲ ಯತ್ನದಲ್ಲಿಯೇ ಅವರ ಎಸೆತ ಹಿಡಿದ ಡೆಮೇರಿಯಸ್ ಥಾಮಸ್ 80 ಗಜ ಸಾಗಿ ಪಂದ್ಯ ಮುಗಿಸಿದರು. ಒತ್ತಡದ ಗಳಿಗೆಯಲ್ಲಿ ಧೃತಿಗೆಡದಿರುವುದೂ ಒಂದು ಪ್ರತಿಭೆಯೇ. ಅದನ್ನು ಅಲ್ಲಗಳೆಯುವುದು ಅನ್ಯಾಯವಾದೀತು.

ಪ್ರತಿವಾದದ ದಾಖಲೆಗಳೂ ಅಷ್ಟೇ ಗಟ್ಟಿ. ಆ ಋತುವಿನಲ್ಲಿ ಟೀಬೋ ಎಸೆದ 271 ಚೆಂಡುಗಳಲ್ಲಿ ಜೊತೆಗಾರರ ಕೈಸೇರಿದ್ದು 126, ಅಂದರೆ ನೂರಕ್ಕೆ 46.5. ಲೀಗಿನ ಸರಾಸರಿ ನೂರಕ್ಕೆ 60ರ ಆಸುಪಾಸಿನಲ್ಲಿತ್ತು. ಕನ್ಸಾಸ್ ಸಿಟಿ ವಿರುದ್ಧ ಗೆದ್ದ ಪಂದ್ಯದಲ್ಲಿ ಅವರ ಎಂಟು ಎಸೆತಗಳಲ್ಲಿ ಗುರಿ ಮುಟ್ಟಿದ್ದು ಎರಡೇ. ಋತುವಿನ ಕೊನೆಯ ಮೂರೂ ಪಂದ್ಯಗಳಲ್ಲಿ ಡೆನ್ವರ್ ಸೋತಿತು. ಅಂತಿಮ ಪಂದ್ಯದಲ್ಲಿ ಅದು ಗಳಿಸಿದ್ದು ಕೇವಲ 3 ಅಂಕ. 8 ಗೆಲುವು, 8 ಸೋಲುಗಳ ಲೆಕ್ಕದಲ್ಲಿ ಬೇರೆರಡು ತಂಡಗಳೊಂದಿಗೆ ಸಮವಾಗಿದ್ದು, ಸಮಬಲದ ನಿಯಮದಿಂದ ಅಗ್ರಸ್ಥಾನ ಪಡೆದ ತಂಡ ಅದು. ಪಿಟ್ಸ್‌ಬರ್ಗ್ ಗೆಲುವಿನ ಮರುವಾರ ನ್ಯೂ ಇಂಗ್ಲೆಂಡ್ ಅದನ್ನು 45–10ರಿಂದ ಸೋಲಿಸಿತು. ಕಡಿಮೆ ಅಂಕಗಳ ಹಲವು ಪಂದ್ಯಗಳನ್ನು ಕೊನೆಯ ಗಳಿಗೆಯವರೆಗೆ ಕೈಜಾರದಂತೆ ಹಿಡಿದಿಟ್ಟದ್ದು ರಕ್ಷಣಾ ಪಡೆ. ಅದರಲ್ಲಿದ್ದ ವಾನ್ ಮಿಲ್ಲರ್ ಆ ವರ್ಷದ ಶ್ರೇಷ್ಠ ಹೊಸ ರಕ್ಷಕನೆಂಬ ಪ್ರಶಸ್ತಿ ಪಡೆದರು. ಆದರೆ ಪ್ರಶಸ್ತಿ ಪಡೆದ ಮಿಲ್ಲರ್ ಹೆಸರಿನಲ್ಲಾಗಲಿ, 59 ಗಜ ಒದ್ದ ಪ್ರೇಟರ್ ಹೆಸರಿನಲ್ಲಾಗಲಿ ಹೊಸ ಪದವೊಂದು ಹುಟ್ಟಲಿಲ್ಲ. ಟೀಬೋ ಒಂದು ಮೊಣಕಾಲೂರಿ ಪ್ರಾರ್ಥಿಸುವ ಭಂಗಿಗೆ ಮಾತ್ರ ‘ಟೀಬೋಯಿಂಗ್’ ಎಂಬ ಹೆಸರು ಬಂದು, ಜನ ಬೀದಿಬೀದಿಗಳಲ್ಲಿ ಅದೇ ಭಂಗಿಯಲ್ಲಿ ಚಿತ್ರ ತೆಗೆಸಿಕೊಂಡರು.

ಅತಿಪ್ರಚಾರದ ಬೇರು ಇರುವುದು ಇಲ್ಲಿಯೇ. ಟೀಬೋ ಕೇವಲ ಆಟಗಾರರಾಗಿರಲಿಲ್ಲ, ತಮ್ಮ ಧರ್ಮಶ್ರದ್ಧೆಯನ್ನು ಬಹಿರಂಗವಾಗಿ ತೋರಿದ ವ್ಯಕ್ತಿಯಾಗಿದ್ದರು. ಅದನ್ನು ಮೆಚ್ಚಿದವರು ಅವರ ಗೆಲುವಿನಲ್ಲಿ ದೈವಕೃಪೆಯನ್ನು ಕಂಡರು. ಮೆಚ್ಚದವರು ಅವರ ಸೋಲಿಗಾಗಿ ಕಾದರು. ಇಬ್ಬರೂ ದೂರದರ್ಶನದ ಮುಂದೆ ಕುಳಿತರು. ವಾಹಿನಿಗೆ ಬೇಕಾದದ್ದೂ ಅದೇ. ಪಿಟ್ಸ್‌ಬರ್ಗ್ ಪಂದ್ಯದಲ್ಲಿ ಅವರ ಎಸೆತಗಳಿಂದ ದೊರೆತ ದೂರ 316 ಗಜ. ಕಾಲೇಜು ದಿನಗಳಲ್ಲಿ ಅವರು ಕಣ್ಣಿನ ಕೆಳಗೆ ಬರೆದುಕೊಂಡಿದ್ದ ಬೈಬಲಿನ ವಚನದ ಸಂಖ್ಯೆ, ಯೋಹಾನನ ಸುವಾರ್ತೆ 3:16. ಈ ಕಾಕತಾಳೀಯ ಆಟದ ವಿಶ್ಲೇಷಣೆಗಿಂತ ದೊಡ್ಡ ಸುದ್ದಿಯಾಯಿತು. ಒಬ್ಬನ ಶ್ರದ್ಧೆ ಗೌರವಾರ್ಹ. ಆದರೆ ಅದು ಎಸೆತದ ಗುರಿಗೆ ಸಾಕ್ಷಿಯಾಗಲಾರದು. ಅಂತೆಯೇ ಗುರಿ ತಪ್ಪಿದ ಎಸೆತ ಶ್ರದ್ಧೆಯನ್ನು ಅಣಕಿಸಲು ಕಾರಣವಾಗಲಾರದು. ಎರಡೂ ಬಣದವರು ಈ ಅಂತರವನ್ನು ಮರೆತರು.

ಮುಂದಿನದು ಇನ್ನೂ ಬೋಧಪ್ರದ. 2012ರ ಮಾರ್ಚಿನಲ್ಲಿ ಡೆನ್ವರ್ ತಂಡ ಹಿರಿಯ ಆಟಗಾರ ಪೇಟನ್ ಮ್ಯಾನಿಂಗ್ ಅವರನ್ನು ಕರೆತಂದು ಟೀಬೋ ಅವರನ್ನು ಜೆಟ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು. ಅಲ್ಲಿ ಅವರು ಮೀಸಲು ಆಟಗಾರ. ಆದರೂ ತರಬೇತಿ ಶಿಬಿರದಿಂದ ನಿತ್ಯವೂ ವರದಿಗಳು ಹರಿದವು. ಈಎಸ್‌ಪಿಎನ್ ವಾಹಿನಿ ಅವರ 25ನೆಯ ಹುಟ್ಟುಹಬ್ಬವನ್ನೂ ಕ್ರೀಡಾಸುದ್ದಿಯಾಗಿಸಿತು. ಆ ಇಡೀ ಋತುವಿನಲ್ಲಿ ಟೀಬೋ ಎಸೆದ ಚೆಂಡುಗಳು ಎಂಟು. ದೊರೆತ ದೂರ 39 ಗಜ. ಮೊದಲ ಆಯ್ಕೆಯ ಮಾರ್ಕ್ ಸಾಂಚೆಝ್ ಎಡವಿದಾಗ ತಂಡ ಎರಡನೆಯವರಾದ ಟೀಬೋ ಅವರನ್ನು ದಾಟಿ ಗ್ರೆಗ್ ಮೆಕೆಲ್ರಾಯ್ ಎಂಬ ಮೂರನೆಯವರನ್ನು ಇಳಿಸಿತು. 2013ರ ಏಪ್ರಿಲಿನಲ್ಲಿ ಟೀಬೋ ಅವರನ್ನು ಕೈಬಿಟ್ಟಿತು. ಬಳಿಕ ನ್ಯೂ ಇಂಗ್ಲೆಂಡ್, ಫಿಲಡೆಲ್ಫಿಯಾ, ಜಾಕ್ಸನ್‌ವಿಲ್ ತಂಡಗಳು ಕರೆದವು. ಒಂದರಲ್ಲಿಯೂ ಋತು ಆರಂಭವಾಗುವವರೆಗೆ ಅವರಿಗೆ ಸ್ಥಾನ ಉಳಿಯಲಿಲ್ಲ. ಮೀಸಲು ಆಟಗಾರ ಸದ್ದಿಲ್ಲದೆ ಕಲಿಯಬೇಕು, ತಪ್ಪಿ ತಿದ್ದಿಕೊಳ್ಳಬೇಕು. ಪ್ರತಿ ಎಸೆತವೂ ರಾಷ್ಟ್ರೀಯ ಚರ್ಚೆಯಾಗುವಲ್ಲಿ ಅದಕ್ಕೆ ಅವಕಾಶವಿಲ್ಲ. ಹೊಗಳಿಕೆಯೂ ಹೊರೆಯಾಗಬಲ್ಲದು.

ಆದರೆ ಗಮನವೆಲ್ಲ ವ್ಯರ್ಥವಾಯಿತೆನ್ನಲಾಗದು. ಮನೆಪಾಠದ ಮಕ್ಕಳಿಗೆ ಶಾಲಾತಂಡಗಳಲ್ಲಿ ಅವಕಾಶ ಕೊಡಿಸುವ ಪ್ರಸ್ತಾವಗಳು ಅಮೆರಿಕದ ಹಲವು ರಾಜ್ಯಗಳ ಶಾಸನಸಭೆಗಳಲ್ಲಿ ‘ಟೀಬೋ ಮಸೂದೆ’ ಎಂಬ ಹೆಸರಿನಿಂದಲೇ ಚರ್ಚೆಗೆ ಬಂದವು. ಅವರ ಪ್ರತಿಷ್ಠಾನ ವಿಶೇಷ ಅಗತ್ಯವುಳ್ಳವರಿಗಾಗಿ 2015ರಿಂದ ‘ನೈಟ್ ಟು ಶೈನ್’ ಎಂಬ ಸಂಭ್ರಮದ ಸಂಜೆಯನ್ನು ಏರ್ಪಡಿಸುತ್ತ ಬಂದಿದೆ. ತಮ್ಮ ಮೇಲೆ ಬಿದ್ದ ಬೆಳಕನ್ನು ಅವರು ಬೇರೆಯವರತ್ತ ತಿರುಗಿಸಿದ್ದೂ ನಿಜ.

ಹಾಗಾದರೆ ತೀರ್ಮಾನವೇನು? ಕಾಲೇಜು ಆಟಗಾರನಾಗಿ ಟೀಬೋ ಪಡೆದ ಗಮನ ಸಂಪೂರ್ಣ ನ್ಯಾಯಸಮ್ಮತ. 2011ರ ಶರತ್ಕಾಲದಲ್ಲಿ ದೊರೆತದ್ದು ಭಾಗಶಃ ನ್ಯಾಯಸಮ್ಮತ. ತಂಡದ ಪಾಲನ್ನೂ ಒಬ್ಬರ ಖಾತೆಗೆ ಜಮಾ ಮಾಡಿದ್ದು ಅಲ್ಲಿನ ದೋಷ. 2012ರಲ್ಲಿ ದೊರೆತದ್ದಕ್ಕೆ ಆಟದ ಸಮರ್ಥನೆಯೇ ಇರಲಿಲ್ಲ. ದೋಷದ ಹೊಣೆಯೂ ಆಟಗಾರನದಲ್ಲ. ಅವರು ಆಡಿದರು, ಪ್ರಾರ್ಥಿಸಿದರು. ಕ್ಯಾಮೆರಾವನ್ನು ತಮ್ಮತ್ತ ತಿರುಗಿಸಿದವರು ಅವರಲ್ಲ. ಕಾಲ ಒಂದು ತಿದ್ದುಪಡಿಯನ್ನಂತೂ ಮಾಡಿತು. 2016ರ ಫೆಬ್ರವರಿಯಲ್ಲಿ ಡೆನ್ವರ್ ತಂಡ ಸೂಪರ್ ಬೌಲ್ ಗೆದ್ದಾಗ ಶ್ರೇಷ್ಠ ಆಟಗಾರನೆಂದು ಘೋಷಿತರಾದವರು ಕ್ವಾರ್ಟರ್‌ಬ್ಯಾಕ್ ಅಲ್ಲ, ರಕ್ಷಕ ವಾನ್ ಮಿಲ್ಲರ್.

ಪತ್ರಿಕೆಯ ಪುಟಕ್ಕೆ, ವಾಹಿನಿಯ ವೇಳೆಗೆ ಮಿತಿಯಿದೆ. ಒಬ್ಬರಿಗೆ ಹೆಚ್ಚಾಗಿ ಕೊಟ್ಟದ್ದು ಇನ್ನೊಬ್ಬರಿಗೆ ಇಲ್ಲವಾದದ್ದು. ಗಡಿಯಾಚೆಯ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಕುಟುಂಬಗಳಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಸುದ್ದಿಯಾಗದಿರುವುದು ಯೋಗ್ಯತೆಯಿಲ್ಲವೆಂಬುದಕ್ಕೆ ಪ್ರಮಾಣವಲ್ಲವೆಂದು ಅವು ಬಲ್ಲವು. ಸುದ್ದಿಯಾಗುವುದೂ ಯೋಗ್ಯತೆಗೆ ಪೂರ್ಣ ಪ್ರಮಾಣವಲ್ಲ ಎಂಬ ಉಳಿದರ್ಧವನ್ನು ಮಕ್ಕಳಿಗೆ ಕಲಿಸಬೇಕಾಗಿದೆ. ಕ್ರೀಡಾಪುಟ ಓದುವ ಮಗುವಿಗೆ ಹಿರಿಯರು ಮೂರು ಪ್ರಶ್ನೆಗಳನ್ನು ಕೇಳಿಸಬಹುದು: ಈತ ಮಾಡಿದ್ದೇನು, ಅಂಕಪಟ್ಟಿ ಹೇಳುವುದೇನು, ಚಿತ್ರದ ಹೊರಗೆ ಉಳಿದವರು ಯಾರು? ಶಾಲೆಯ ಗೋಡೆಪತ್ರಿಕೆಗೆ ಮುಂದಿನ ಪಂದ್ಯದ ವರದಿ ಬರೆಯುವ ವಿದ್ಯಾರ್ಥಿ, ಅಂಕ ಗಳಿಸಿದವನ ಜೊತೆಗೆ ಕಾಲು ಹಿಡಿದವನ ಹೆಸರನ್ನೂ ಬರೆದರೆ, ವರದಿಗಾರನ ಮೊದಲ ಪಾಠ ಅಲ್ಲಿಯೇ ಆದಂತೆ.